ಬರಿದಾಗಿ ಕೊಡಬಾರದ ಡಬ್ಬಿ

ನಮ್ಮ ಬೀದಿಯ ಕೊನೆಯಲ್ಲಿ ಒಂದು ಕಲ್ಯಾಣ ಮಂಟಪವಿದೆ. ಮದುವೆಯಿಲ್ಲದ ದಿನ ಬೆಳಿಗ್ಗೆ ಅದರ ಊಟದ ಹಾಲ್‌ನಲ್ಲಿ ವಯಸ್ಸಾದವರಿಗೆ ಯೋಗ ಹೇಳಿಕೊಡುತ್ತಾರೆ. ಹಾರನಹಳ್ಳಿ ಕಡೆಯ ನಮ್ಮೂರು ಬಿಟ್ಟು ಪಿರಿಯಾಪಟ್ಟಣಕ್ಕೆ ಬಂದ ಮೇಲೆ ನನಗೆ ಮಂಡಿ ಹಿಡಿದುಕೊಂಡಿತು. ಹೆಂಡತಿಯ ಕಾಟ ತಡೆಯಲಾರದೆ ನಾನೂ ಒಂದು ಚಾಪೆ ಸುತ್ತಿಕೊಂಡು ಹೋಗತೊಡಗಿದೆ.

ಕಲಿಸುವ ಹುಡುಗಿ ಒಳ್ಳೆಯವಳು. ನಮ್ಮ ಮೊಮ್ಮಗಳ ವಯಸ್ಸಿರಬಹುದು. ಬಗ್ಗುವುದು ಏಳುವುದು ಎಲ್ಲ ಮುಗಿದ ಮೇಲೆ ಕಡೆಯಲ್ಲಿ ಒಂದು ಪಾಠ ಇಟ್ಟಿದ್ದಾಳೆ. "ಕಣ್ಣು ಮುಚ್ಚಿ. ನಿಮಗೆ ಉಪಕಾರ ಮಾಡಿದ ಯಾರನ್ನಾದರೂ ಒಬ್ಬರನ್ನು ನೆನೆಸಿಕೊಳ್ಳಿ. ಅವರ ಮುಖ ಬರಲಿ. ಮನಸ್ಸಿನಲ್ಲೇ ಥ್ಯಾಂಕ್ಸ್ ಹೇಳಿ. ಇದಕ್ಕೆ ಮಂಡಿ ಬಗ್ಗಿಸಬೇಕಾಗಿಲ್ಲ" ಎನ್ನುತ್ತಾಳೆ. ಎಲ್ಲರೂ ನಗುತ್ತಾರೆ.

ಮೊದಲನೆಯ ದಿನ ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಪಕ್ಕದ ಚಾಪೆಯವನು ಕೇಳಿದ. ಅವನು ಬಸ್ಸು ಓಡಿಸಿ ರಿಟೈರ್ ಆದವನು.

"ಯಾರ್‌ನ ನೆನುಸ್ಕೊಂಡ್ಯಲಾ?"

"ನಮ್ಮವ್ವನ್ನ" ಅಂದೆ. "ನೀನು?"

"ನಾನು ನನ್ ಬಸ್ಸಿನ ಬ್ರೇಕಿಗೆ ಥ್ಯಾಂಕ್ಸ್ ಏಳ್ದೆ. ಅದಿಲ್ದಿದ್ರೆ ನಾನೆಲ್ಲಿ, ಈ ಯೋಗ ಎಲ್ಲಿ."

ನಾನು ಹೇಳಿದ್ದು ಸುಳ್ಳು. ಕಣ್ಣು ಮುಚ್ಚಿದಾಗ ನನಗೆ ನಮ್ಮವ್ವ ಬರಲಿಲ್ಲ. ಬಂದವರು ತಗಡಿನ ಕೆಲಸದ ಸಾಬರು. ಮಾಸಿದ ಬಿಳಿ ಅಂಗಿ, ತೋಳು ಮಡಿಸಿದ್ದರು. ಬೆರಳ ತುದಿಯಲ್ಲಿ ಬೆಸುಗೆಯ ಸೀಸದ ಬೂದು ಬಣ್ಣ ಹಾಗೇ ಇತ್ತು. ನಮ್ಮ ಹಳೆಯ ಮನೆಯ ಅಂಗಳದಲ್ಲಿ ನಿಂತು ಒಂದೇ ಕಡೆ ನೋಡುತ್ತಿದ್ದರು. ಅವರು ಏನನ್ನು ನೋಡುತ್ತಿದ್ದರೆಂದು ನನಗೆ ಗೊತ್ತಿತ್ತು. ನಾನು ಕಣ್ಣು ತೆರೆದುಬಿಟ್ಟೆ. ಹಾಲ್‌ನಲ್ಲಿ ಉಳಿದವರೆಲ್ಲ ಕಣ್ಣು ಮುಚ್ಚಿ ನೆಮ್ಮದಿಯಾಗಿ ಕುಳಿತಿದ್ದರು.

ಮರುದಿನ ಹಟ ಹಿಡಿದು ಅವ್ವನನ್ನು ನೆನೆದೆ. ಅವ್ವನ ಹಿಂದೆ ಅವರೇ ನಿಂತಿದ್ದರು. ಹೈಸ್ಕೂಲಿನ ಗಣಿತದ ಮೇಷ್ಟ್ರನ್ನು ನೆನೆದೆ. ಮೇಷ್ಟ್ರು ಬರಲೇ ಇಲ್ಲ, ಅವರೇ ಬಂದರು. ಸತ್ತುಹೋದವರು ಹೆದರಿಸುತ್ತಾರೆಂದು ಚಿಕ್ಕಂದಿನಿಂದ ಕೇಳಿದ್ದೇನೆ. ಇವರು ಹೆದರಿಸಲಿಲ್ಲ. ಬಸ್ಸಿಗೆ ಕಾಯುವವರ ಹಾಗೆ ಸುಮ್ಮನೆ ಕಾಯುತ್ತಿದ್ದರು.

ಅವರು ಯಾರೆಂದು ಹೇಳಬೇಕು. ನಾನು ಮತ್ತು ನನ್ನ ಅಣ್ಣ ಹೊಗೆಸೊಪ್ಪು ಬೆಳೆಯುತ್ತಿದ್ದೆವು. ಇಬ್ಬರಿಗೂ ಸೇರಿ ಒಂದು ಬ್ಯಾರನ್ನು. ಬ್ಯಾರನ್ನೆಂದರೆ ಕಿಟಕಿಯಿಲ್ಲದ ಎತ್ತರದ ಕೋಣೆ. ಹೊರಗೆ ಒಲೆ, ಅದರ ಶಾಖ ಒಳಗೆ ನೆಲದ ಮೇಲೆ ಮಲಗಿಸಿದ ದಪ್ಪ ತಗಡಿನ ಕೊಳವೆಗಳಲ್ಲಿ ಸುತ್ತಿ ಚಿಮಣಿಯಿಂದ ಆಚೆ ಹೋಗುತ್ತದೆ. ಮೇಲೆ ಸಾಲುಸಾಲಾಗಿ ಕಡ್ಡಿಗಳಿಗೆ ಕಟ್ಟಿದ ಎಲೆ ತೂಗುತ್ತಿರುತ್ತದೆ, ಶಾಖಕ್ಕೆ ಹಳದಿಯಾಗಿ ಒಣಗುತ್ತದೆ. ಆ ಕೊಳವೆಗಳನ್ನು ನಮ್ಮ ಕಡೆಯ ಎಷ್ಟೋ ಬ್ಯಾರನ್ನುಗಳಿಗೆ ಮಾಡಿಕೊಟ್ಟವರು ಅವರು. ಪಿರಿಯಾಪಟ್ಟಣದಲ್ಲಿ ಚಿಕ್ಕ ಅಂಗಡಿ ಇತ್ತು. ನಮ್ಮ ಕೊಳವೆ ಕೂರಿಸಿದ ದಿನ ಅದರ ಮೇಲೆ ಒಂದು ತಂತಿ ಬಲೆಯನ್ನೂ ಹಾಸಿ ಕಟ್ಟಿದರು.

"ಒಣಗಿದ ಎಲೆ ಉದುರಿದ್ರೆ ಇದರ ಮೇಲೆ ನಿಲ್ಲುತ್ತೆ, ಕೊಳವೆಗೆ ತಾಗಲ್ಲ" ಅಂದರು. "ಇದನ್ನ ತೆಗೀಬೇಡಿ. ನನ್ನ ಬೇಕಾದ್ರೆ ಮರೀರಿ."

ನಮ್ಮಣ್ಣ ನನಗೂ ಅದನ್ನೇ ಹೇಳಿದ್ದ. ಅವನು ಬಲು ಮುಂಗೋಪಿ. ಹೇಳಿದ್ದನ್ನು ಎರಡನೇ ಸಲ ಹೇಳುತ್ತಿರಲಿಲ್ಲ.

ಆ ವರ್ಷ ಎಲೆ ಚೆನ್ನಾಗಿ ಬಂದಿತ್ತು. ಬಲೆ ತೆಗೆದರೆ ಕೆಳಗೆ ಇನ್ನೊಂದು ಸಾಲು ಕಡ್ಡಿ ತೂಗುಹಾಕಬಹುದೆಂದು ನನಗೆ ಹೊಳೆಯಿತು. ಅದೇ ಸಮಯಕ್ಕೆ ಮುಂಗುಸಿಯೊಂದು ಹೆಂಡತಿಯ ಕೋಳಿಗಳ ಬೆನ್ನು ಹತ್ತಿತ್ತು. ಅಣ್ಣ ಹುಣಸೂರಿಗೆ ಹೋಗಿದ್ದ ದಿನ ಬಲೆ ಬಿಚ್ಚಿ, ಅಂಗಳದ ಮೂಲೆಯಲ್ಲಿ ಕೋಳಿಗೂಡಿಗೆ ಸುತ್ತಿದೆ. ಒಂದೇ ಕೈಯಲ್ಲಿ ಎರಡು ಕೆಲಸ ಆಯಿತೆಂದು ಬೀಗಿದೆ. ಹೆಂಡತಿ, "ನಿಮ್ಮಣ್ಣಂಗೆ ಕೇಳಿದ್ರಾ?" ಅಂದಳು. "ನೀನು ಸುಮ್ಕಿರು" ಅಂದೆ. ಅಣ್ಣ ಬರುವಷ್ಟರಲ್ಲಿ ಬ್ಯಾರನ್ನಿಗೆ ಎಲೆ ತುಂಬಿ ಬಾಗಿಲು ಹಾಕಿದ್ದೆ; ಕೋಳಿಗೂಡಿನ ಕಡೆ ಅವನು ತಲೆ ಹಾಕುವವನಲ್ಲ.

ಒಲೆ ಜೋರು ಮಾಡಿ ಎಲೆಯ ನಡುದಂಟು ಒಣಗಿಸುವ ಹಂತ. ಆಗ ಎಲೆ ಹಪ್ಪಳದ ಹಾಗಿರುತ್ತದೆ. ನಾನು ಮಧ್ಯಾಹ್ನ ಮುದ್ದೆ ಮುಂದಿಟ್ಟುಕೊಂಡು ಕುಳಿತಿದ್ದೆ. ಹೊಗೆ ಚಿಮಣಿಯಿಂದ ಬರದೆ ಹೆಂಚಿನ ಸಂದಿಯಿಂದ ಬರುತ್ತಿದೆಯೆಂದು ಹೊಲದ ಕಡೆಯಿಂದ ಯಾರೋ ಕೂಗಿದರು. ಓಡಿಹೋಗಿ ಬಾಗಿಲು ತೆಗೆದೆ; ತೆಗೆಯಬಾರದಿತ್ತು, ಗಾಳಿ ಸಿಕ್ಕಿ ಇನ್ನಷ್ಟು ಹತ್ತಿಕೊಂಡಿತು. ಕಡ್ಡಿಗಳನ್ನು ಎಳೆಯಲು ಹೋಗಿ ನನ್ನ ಎರಡು ಕೈಯೂ ಮೊಣಕೈವರೆಗೆ ಬೆಂದವು. ಸೂರ್ಯ ಇಳಿಯುವ ಹೊತ್ತಿಗೆ ಗೋಡೆ ಮಾತ್ರ ಉಳಿದಿತ್ತು.

ಅಣ್ಣ ಬಂದ. ನನ್ನ ಕೈ ನೋಡಲಿಲ್ಲ. "ಎಂಗಾಯ್ತು?" ಅಂದ.

ಉತ್ತರ ಹುಡುಕಲು ನನಗೆ ಹೊತ್ತೇ ಹಿಡಿಯಲಿಲ್ಲ. "ಕೊಳವೆ ಜಾಯಿಂಟ್ ಬಿಟ್ಕೊಂತು ಕಣಣ್ಣ. ಕಿಡಿ ಎಗರ್ತು" ಅಂದೆ.

ನನ್ನ ಬದುಕಿನಲ್ಲಿ ಇಷ್ಟು ಸಲೀಸಾಗಿ ಬಾಯಿಂದ ಬಂದ ಮಾತು ಇನ್ನೊಂದಿಲ್ಲ.

ಮರುದಿನ ಸಾಬರು ಸೈಕಲ್ಲಿನಲ್ಲಿ ಬಂದರು. ಬೆಂಕಿ ಬಿತ್ತು, ನನ್ನ ಕೈ ಸುಟ್ಟಿತು ಎಂದು ಮಾತ್ರ ಕೇಳಿದ್ದರು, ಯಾಕೆ ಬಿತ್ತೆಂದು ಕೇಳಿರಲಿಲ್ಲ. ಹ್ಯಾಂಡಲಿಗೆ ಒಂದು ಚೀಲ ನೇತಾಡುತ್ತಿತ್ತು. ಅದರೊಳಗೆ ಅವರೇ ತಗಡಿನಲ್ಲಿ ಮಾಡಿದ ಮುಚ್ಚಳದ ಡಬ್ಬಿ. ಡಬ್ಬಿಯಲ್ಲಿ ಹಾಲಿನ ಶ್ಯಾವಿಗೆ. "ನಮ್ಮನೆಯೋರು ಕೊಟ್ಟವ್ರೆ. ಕೈ ಸುಟ್ಟೋರಿಗೆ ಅಗಿಯೋ ಅಂಥದ್ದು ಬೇಡ ಅಂದ್ರು" ಎಂದು ನನ್ನ ಹೆಂಡತಿಯ ಕೈಗೆ ಕೊಟ್ಟರು. ಕೈ ಸುಟ್ಟವನಿಗೂ ಅಗಿಯುವುದಕ್ಕೂ ಏನು ಸಂಬಂಧವೋ ಗೊತ್ತಿಲ್ಲ. ನಮ್ಮವಳಿಗೆ ನಗು ಬಂದಿತ್ತು.

ಆಗ ಅಣ್ಣ ಹೊರಗೆ ಬಂದ. "ಬಂದಾ? ನೋಡು ನಿನ್ ಜಾಯಿಂಟು ಏನ್ ಮಾಡ್ಯದೆ ಅಂತ" ಅಂದ.

ಸಾಬರು ಬ್ಯಾರನ್ನಿನ ಒಳಗೆ ಹೋದರು. ಇನ್ನೂ ಬಿಸಿಯಿದ್ದ ಬೂದಿಯಲ್ಲಿ ಕುಕ್ಕರುಗಾಲಲ್ಲಿ ಕುಳಿತು ಒಂದೊಂದೇ ಜೋಡಣೆಯ ಮೇಲೆ ಬೆರಳಾಡಿಸಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಒಂದು ಜೋಡಣೆಯೂ ಬಿಟ್ಟಿರಲಿಲ್ಲ. ಕೊಳವೆಯ ಮೇಲೆ ಬಲೆಯ ಒಂದು ತಂತಿಯೂ ಇರಲಿಲ್ಲ. ಎದ್ದು ಅಂಗಳಕ್ಕೆ ಬಂದರು. ಕೋಳಿಗೂಡಿನ ಕಡೆ ನೋಡಿದರು. ಕೋಳಿಗಳು ಬಲೆಯ ಸಂದಿಯಿಂದ ಕೊಕ್ಕು ಆಚೆ ಹಾಕಿ ಏನೋ ಹೆಕ್ಕುತ್ತಿದ್ದವು. ಆಮೇಲೆ ನನ್ನ ಕಡೆ ನೋಡಿದರು. ನನ್ನ ಎರಡು ಕೈಗೂ ಬಟ್ಟೆ ಸುತ್ತಿತ್ತು. ಅಣ್ಣ ಬಯ್ಯುತ್ತಲೇ ಇದ್ದ. ಅವರು ಒಂದು ಮಾತು ಹೇಳಿದ್ದರೆ ಸಾಕಿತ್ತು. ಬೆರಳು ತೋರಿಸಿದ್ದರೂ ಸಾಕಿತ್ತು. ತೊಟ್ಟಿಯ ಹತ್ತಿರ ಕೈ ತೊಳೆದುಕೊಂಡು ಸೈಕಲ್ಲು ಹತ್ತಿ ಹೋದರು.

ಆ ದಿನ ಸಂಜೆ ಹೆಂಡತಿ ಆ ಶ್ಯಾವಿಗೆಯನ್ನು ಚಮಚದಲ್ಲಿ ನನ್ನ ಬಾಯಿಗೆ ಇಟ್ಟಳು. ನಾನು ತಿಂದೆ. ರುಚಿಯಾಗಿತ್ತು. ಪೂರ್ತಿ ತಿಂದೆ.

ನಮ್ಮ ಹಳ್ಳಿಗಳಲ್ಲಿ ಥ್ಯಾಂಕ್ಸ್ ಎಂಬ ಮಾತಿರಲಿಲ್ಲ. ಅದರ ಬದಲು ಮಾಡುವ ಕೆಲಸಗಳಿದ್ದವು. ಅವ್ವ ಅಡಿಗೆ ಮುಗಿದ ಮೇಲೆ ಒಲೆಯ ಕಲ್ಲಿಗೆ ನಾಲ್ಕು ಹನಿ ನೀರು ಚಿಮುಕಿಸಿ, "ಇವತ್ತಿಗೆ ಸಾಕು, ತಣ್ಣಗಿರು" ಅನ್ನುತ್ತಿದ್ದಳು. ಉತ್ತು ಬಂದ ಎತ್ತಿನ ಕಾಲು ತೊಳೆಯದೆ ಅಪ್ಪ ತನ್ನ ಕಾಲು ತೊಳೆಯುತ್ತಿರಲಿಲ್ಲ. ಬೇರೆ ಮನೆಯಿಂದ ಏನಾದರೂ ತುಂಬಿ ಬಂದ ಪಾತ್ರೆಯನ್ನು ಬರಿದಾಗಿ ವಾಪಸ್ ಕೊಡುತ್ತಿರಲಿಲ್ಲ. ಒಂದು ಹಿಡಿ ರಾಗಿಯೋ, ನಾಲ್ಕು ಹಸಿಮೆಣಸಿನಕಾಯೋ, ಏನೂ ಇಲ್ಲದಿದ್ದರೆ ಒಂದು ಅಚ್ಚು ಬೆಲ್ಲವೋ ಹಾಕಿಯೇ ಕೊಡಬೇಕು. ಹಾಗೆ ಕೊಡುವಾಗ ಯಾರೂ ಏನೂ ಹೇಳುತ್ತಿರಲಿಲ್ಲ, ಪಾತ್ರೆಯೇ ಹೇಳುತ್ತಿತ್ತು.

ವಾರ ಕಳೆದ ಮೇಲೆ ಹೆಂಡತಿ ಡಬ್ಬಿ ತೊಳೆದು, "ಇದ್ಕೆ ಏನ್ ಆಕಿ ಕಳ್ಸ್ಲಿ?" ಅಂದಳು.

"ಬುಡು, ಕಳ್ಸೋದೇನೂ ಬ್ಯಾಡ" ಅಂದೆ. ಡಬ್ಬಿ ಕೊಡಲು ಹೋದರೆ ಅವರ ಮುಖ ನೋಡಬೇಕಿತ್ತು.

ಅವಳು ಅದನ್ನು ಅಟ್ಟದ ಮೇಲಿಟ್ಟಳು. ಉಪ್ಪಿಗೋ ಹುಣಸೆಹಣ್ಣಿಗೋ ಬಳಸಬಹುದಿತ್ತು, ಬಳಸಲಿಲ್ಲ. ಪ್ರತಿ ಹಬ್ಬಕ್ಕೆ ಮನೆ ಸಾರಿಸುವಾಗ ಇಳಿಸಿ, ಒರೆಸಿ, ನನ್ನ ಕಣ್ಣೆದುರೇ ಮತ್ತೆ ಮೇಲಿಡುತ್ತಿದ್ದಳು. ಒಮ್ಮೆ ಸಿಟ್ಟಿನಲ್ಲಿ "ಅದನ್ನ ಯಾತಕ್ಕೆ ಇಟ್ಕೊಂಡಿದೀಯ, ಎಸಿ" ಅಂದೆ. "ಕಂಡೋರ್ ಮನೆ ಡಬ್ಬಿ ಎಸಿಯಕ್ಕೆ ನಾನ್ಯಾರು?" ಅಂದಳು. ಅವಳು ನನ್ನನ್ನು ಬಯ್ದದ್ದು ಅಷ್ಟೇ.

ನನ್ನ ಮಾತು ಮಾತ್ರ ಅಟ್ಟದ ಮೇಲೆ ಕೂರಲಿಲ್ಲ. ಅಣ್ಣ ಹೊಗೆಸೊಪ್ಪಿನ ಹರಾಜು ಕಟ್ಟೆಯಲ್ಲಿ ಹೇಳಿದ, ಕೇಳಿದವರು ಇನ್ನೊಬ್ಬರಿಗೆ ಹೇಳಿದರು. ಮುಂದಿನ ವರ್ಷ ಜನ ಕೊಳವೆಗೆ ಬೇರೆ ಕಡೆ ಹೋದರು. ಪಿರಿಯಾಪಟ್ಟಣದ ಅಂಗಡಿಗೆ ಬೀಗ ಬಿತ್ತು. ಅವರು ಸಂಸಾರ ಕಟ್ಟಿಕೊಂಡು ಕೋಟೆ ತಾಲ್ಲೂಕಿನ ಕಡೆ, ಹ್ಯಾಂಡ್‌ಪೋಸ್ಟ್ ಎಂಬ ಊರಿಗೆ ಹೋದರಂತೆ. ಅಲ್ಲಿ ಬಕೆಟ್ಟಿಗೆ ತಳ ಹಾಕುತ್ತಾರೆ, ಟ್ರಂಕು ರಿಪೇರಿ ಮಾಡುತ್ತಾರೆ ಎಂದು ಕೇಳಿದೆ. ಒಂದು ಸಲ ಆ ದಾರಿಯಲ್ಲಿ ನೆಂಟರ ಮನೆಗೆ ಹೋಗುವಾಗ ಬಸ್ಸು ಅವರ ಅಂಗಡಿಯ ಮುಂದೆಯೇ ನಿಂತಿತು. ಬಗ್ಗಿ ಒಂದು ಬಕೆಟ್ಟಿಗೆ ಬೆಸುಗೆ ಹಾಕುತ್ತಿದ್ದರು. ತಲೆ ಎತ್ತಿದರು. ನಾನು ಚಪ್ಪಲಿಯ ಪಟ್ಟಿ ಸರಿಮಾಡುವವನ ಹಾಗೆ ಸೀಟಿನ ಕೆಳಗೆ ಬಗ್ಗಿದೆ. ಬಸ್ಸು ಹೊರಟು ಎಷ್ಟೋ ಹೊತ್ತಿನವರೆಗೆ ಹಾಗೇ ಬಗ್ಗಿದ್ದೆ.

ಅಣ್ಣ ಸತ್ತ. ಅವನಿಗೆ ಹೇಳಲಿಲ್ಲ. ಸಾಬರು ತೀರಿಹೋದರೆಂಬ ಸುದ್ದಿಯೂ ಬಂತು. ಆ ದಿನ ನನಗೆ ಸಮಾಧಾನವೇ ಆಯಿತೆಂದು ಇಲ್ಲಿ ಬರೆಯಬೇಕು. ಇನ್ನು ಹೇಳುವವರು ಯಾರೂ ಇಲ್ಲ ಅಂದುಕೊಂಡೆ. ಊರು ಬಿಟ್ಟು ಬರುವಾಗ ಎಷ್ಟೋ ಸಾಮಾನು ಕೊಟ್ಟುಬಿಟ್ಟೆವು. ಡಬ್ಬಿಯನ್ನು ಹೆಂಡತಿ ತನ್ನ ಸೀರೆಗಳ ನಡುವೆ ಇಟ್ಟು ತಂದಳು.

ಆಮೇಲೆ ಈ ಯೋಗ, ಈ ಕಣ್ಣು ಮುಚ್ಚುವುದು. ಒಂದು ಬೆಳಿಗ್ಗೆ ಚಾಪೆ ಸುತ್ತಿಕೊಂಡು ಬಂದವನು ಅಡಿಗೆಮನೆ ಬಾಗಿಲಲ್ಲಿ ನಿಂತು, "ಆ ಡಬ್ಬಿ ಕೊಡು, ಕೊಟ್ಟು ಬತ್ತೀನಿ" ಅಂದೆ.

ಯಾವ ಡಬ್ಬಿ ಎಂದು ಅವಳು ಕೇಳಲಿಲ್ಲ. "ಇವತ್ ಬ್ಯಾಡ. ನಾಳಿಕ್ಕೆ ಓಗಿ. ಬರೀ ಡಬ್ಬಿ ಎಂಗ್ ಕೊಡದು?" ಅಂದಳು.

ಅವರೆಕಾಯಿ ಕಾಲ. ಅವರೆ ಸುಲಿದು, ಕಾಳನ್ನು ನೀರಿನಲ್ಲಿ ನೆನೆಹಾಕಿ, ಒಂದೊಂದೇ ಕಾಳನ್ನು ಬೆರಳಲ್ಲಿ ಒತ್ತಿ ಸಿಪ್ಪೆ ಬಿಡಿಸುವುದಕ್ಕೆ ಹಿತಕುವುದು ಅನ್ನುತ್ತೇವೆ. ಅವಳ ಬೆರಳ ಗಿಣ್ಣುಗಳು ಊದಿ ಎಷ್ಟೋ ವರ್ಷವಾಯಿತು. ನನಗಾಗಿ ಹಿತಕುವುದನ್ನು ಅವಳು ಯಾವತ್ತೋ ಬಿಟ್ಟಿದ್ದಳು. ಸಂಜೆಯಿಡೀ ಕುಳಿತು ಡಬ್ಬಿ ತುಂಬುವಷ್ಟು ಹಿತಕಿದಳು. ನಾನೂ ಪಕ್ಕದಲ್ಲಿ ಕುಳಿತು ಒತ್ತಿದೆ. ನನ್ನ ಕೈಯ ಸುಟ್ಟ ಚರ್ಮ ಬಿಗಿದುಕೊಂಡಿದೆ, ಕಾಳು ಜಾರಿ ಗೋಡೆಗೆ ಹಾರುತ್ತಿತ್ತು. "ನೀವು ಎದ್ದೋಗಿ. ಸಾಬ್ರ ಮನೆಗೆ ಕಾಳು ಕೊಡ್ತೀರೋ, ಗೋಡೆಗೆ ಕೊಡ್ತೀರೋ?" ಅಂದಳು. "ಬೆರಳು ನೋಯ್ತಾ ಅದಾ?" ಎಂದು ಕೇಳಿದೆ. ಅವಳು ಕೈ ನಿಲ್ಲಿಸಿ ನನ್ನನ್ನು ನೋಡಿದಳು. ಇಷ್ಟು ವರ್ಷದಲ್ಲಿ ನಾನು ಹೀಗೆ ಕೇಳಿದ್ದು ಮೊದಲ ಸಲವೆಂದು ಅವಳ ನೋಟದಿಂದಲೇ ತಿಳಿಯಿತು.

ಹುಣಸೂರಿನಲ್ಲಿ ಬಸ್ಸು ಬದಲಾಯಿಸಿ ಹ್ಯಾಂಡ್‌ಪೋಸ್ಟಿನಲ್ಲಿ ಇಳಿದೆ. ದಾರಿಯುದ್ದಕ್ಕೂ ಚೀಲ ತೊಡೆಯ ಮೇಲಿತ್ತು. ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಕಟ್ಟಿಕೊಂಡಿದ್ದೆ. ಅವರ ಅಂಗಡಿಯಲ್ಲಿ ಈಗ ಮಗ ಕಿಟಕಿ ಗ್ರಿಲ್ಲಿಗೆ ವೆಲ್ಡಿಂಗ್ ಮಾಡುತ್ತಾನೆ. ಯಾರು ಬೇಕೆಂದು ಕೇಳಿ ಹಿಂದಿನ ಮನೆ ತೋರಿಸಿದ.

ಸಾಬರ ಹೆಂಡತಿಗೆ ತುಂಬ ವಯಸ್ಸಾಗಿತ್ತು. ನಾನು ಊರಿನ ಹೆಸರು ಹೇಳುತ್ತಿದ್ದ ಹಾಗೇ ನನ್ನ ಕೈಗಳನ್ನು ನೋಡಿದರು. "ಕೂತ್ಕೊಳ್ಳಿ ಅಣ್ಣಾ" ಎಂದು ಕುರ್ಚಿ ಎಳೆದರು. ನೀರು ಕೊಟ್ಟರು. ನಾನು ಡಬ್ಬಿ ತೆಗೆದು ಅವರ ಮುಂದಿಟ್ಟೆ. ಅವರು ಮುಚ್ಚಳ ತೆಗೆಯಲಿಲ್ಲ. ಎತ್ತಿ, ತಿರುಗಿಸಿ, ತಳದ ಬೆಸುಗೆಯ ಸುತ್ತ ಹೆಬ್ಬೆರಳು ಎಳೆದರು.

"ನಾನೊಂದು ಮಾತು ಹೇಳಬೇಕಮ್ಮ" ಎಂದು ಶುರುಮಾಡಿದೆ.

"ಆಗ ನಿಮ್ಮನೇಲಿ ಎಷ್ಟು ಕೋಳಿ ಇದ್ವು ಅಣ್ಣಾ?" ಅಂದರು.

ನನಗೆ ಮೊದಲು ಅರ್ಥವಾಗಲಿಲ್ಲ. ಬಲೆ ಸುತ್ತಿದ ಆ ಗೂಡಿನ ಕೋಳಿಗಳನ್ನೇ ಕೇಳುತ್ತಿದ್ದಾರೆಂದು ತಿಳಿದ ಮೇಲೆ ನೀರಿನ ಲೋಟ ಕೆಳಗಿಟ್ಟೆ. ಹೊರಗೆ ವೆಲ್ಡಿಂಗಿನ ಸದ್ದು ನಿಂತು ನಿಂತು ಬರುತ್ತಿತ್ತು.

"ನಿಮಗೆ ಗೊತ್ತಿತ್ತಾ?" ಅಂದೆ.

"ಅವತ್ತೇ ಬಂದು ಹೇಳಿದ್ರು. ನಾನು ಜಗಳ ಆಡ್ದೆ. ಅಲ್ಲೇ ಯಾಕೆ ಹೇಳ್ಲಿಲ್ಲ, ಬಾಯಿ ಇರ್ಲಿಲ್ವಾ ಅಂದೆ. ಅದಕ್ಕವರು, ಅವನ ಎರಡೂ ಕೈಗೆ ಬಟ್ಟೆ ಸುತ್ತಿದ್ರು, ಅಂಥೋನ ಮೇಲೆ ಅವನ ಅಣ್ಣನ್ನ ಬಿಡ್ಲಾ ಅಂದ್ರು. ಕೈ ವಾಸಿ ಆಗ್ಲಿ, ಅವನೇ ಬಂದು ಹೇಳ್ತಾನೆ ಅಂದ್ರು." ಡಬ್ಬಿಯನ್ನು ಕೆಳಗಿಟ್ಟರು. "ಡಬ್ಬಿ ಕೊಡೋಕಾದ್ರೂ ಬರ್ತಾನೆ ಅಂತ ಕಾದ್ರು. ಆಮೇಲಾಮೇಲೆ ಸಿಟ್ಟು ಬಂತು ಅವರಿಗೆ. ಬಯ್ಯೋರು. ಒಂದಿನ ನಿಮ್ಮೂರಿಗೆ ಅಂತ ಬಸ್ಸು ಹತ್ತಿ ಹುಣಸೂರಲ್ಲಿ ಇಳಿದು ವಾಪಸ್ ಬಂದ್ರು. ಯಾಕೆ ಬಂದ್ರಿ ಅಂದ್ರೆ, ಇಷ್ಟು ದಿನ ಆದ್ಮೇಲೆ ನನ್ನ ಯಾರು ನಂಬ್ತಾರೆ ಅಂದ್ರು."

ನಾನು ಕೈ ಮುಗಿದೆ. ತಪ್ಪಾಯಿತೆಂದೆ. ಅವರು ಹೇಳದೆ ಇದ್ದದ್ದರಿಂದ ನನ್ನ ಸಂಸಾರ ಉಳಿಯಿತು, ಅವರ ಋಣ ನನ್ನ ಮೇಲಿದೆ ಎಂದೆ.

"ನನ್ನ ಹತ್ರ ಹೇಳಿ ಏನು ಬಂತು ಅಣ್ಣಾ, ನನಗೆ ಗೊತ್ತಿತ್ತಲ್ಲ" ಅಂದರು. ದನಿ ಏರಿಸಲಿಲ್ಲ. "ಗೊತ್ತಿಲ್ದೋರಿಗೆ ಹೇಳಿ. ಆ ಮಾತು ನಂಬಿದೋರಿಗೆ ಹೇಳಿ."

ಒಳಗೆ ಹೋಗಿ ಅವರೆಯನ್ನು ತಟ್ಟೆಗೆ ಸುರಿದುಕೊಂಡರು. "ಹಿತಕಿದ್ದು. ನಿಮ್ಮನೆಯೋರಾ? ಅವರಿಗೆ ನನ್ನ ಸಲಾಂ ಹೇಳಿ" ಅಂದರು. ಡಬ್ಬಿಯನ್ನು ತೊಳೆದು ಗೋಡೆಯ ಗೂಡಿನಲ್ಲಿ, ಸಾಬರ ಹಳೆಯ ಕನ್ನಡಕದ ಪಕ್ಕ ಇಟ್ಟರು. ನನ್ನ ಬಟ್ಟೆಯ ಚೀಲವನ್ನು ಕೊಡವಿ, ಅಂಚಿಗೆ ಅಂಚು ಕೂಡಿಸಿ ನಾಲ್ಕು ಮಡಿಕೆ ಮಡಿಸಿ ನನ್ನ ಕೈಗೆ ಕೊಟ್ಟರು. ಅದರಲ್ಲಿ ಏನೂ ಹಾಕಲಿಲ್ಲ. ತಿಳಿಯದೆ ಹಾಗೆ ಮಾಡುವವರಲ್ಲ ಅವರು. ಬಾಗಿಲವರೆಗೂ ಬಂದು ಕಳಿಸಿದರು.

ಮನೆಗೆ ಬಂದಾಗ ಹೆಂಡತಿ ಚೀಲ ಬಿಚ್ಚಿ ನೋಡಿದಳು. ನಡೆದದ್ದೆಲ್ಲ ಹೇಳಿದೆ. ಚೀಲವನ್ನು ಮೊಳೆಗೆ ನೇತುಹಾಕಿ, "ಸರಿಯಾಗೇ ಅದೆ ಬುಡಿ" ಅಂದಳು.

ಮರುದಿನವೇ ಹರಾಜು ಕಟ್ಟೆಗೆ ಹೋದೆ. ನಮ್ಮ ಕಾಲದವರು ಅಲ್ಲಿ ಇಲ್ಲಿ ಒಬ್ಬೊಬ್ಬರು ಇದ್ದಾರೆ. ನಮ್ಮ ಪಕ್ಕದೂರಿನವನೊಬ್ಬ ಟೀ ಅಂಗಡಿಯ ಬೆಂಚಿನ ಮೇಲೆ ಸಿಕ್ಕಿದ. ಅಣ್ಣನ ಗೆಳೆಯ.

"ನಮ್ ಬ್ಯಾರನ್ನು ಸುಟ್ಟೋಗಿದ್ದು ಗೆಪ್ತಿ ಅದಾ?" ಎಂದು ಕೇಳಿದೆ.

"ನಿಮ್ದು ಯಾವಾಗ್ಲಾ ಸುಟ್ಟೋಗಿತ್ತು?" ಅಂದ. ತಲೆ ಕೆರೆದುಕೊಂಡ. ಅವನಿಗೆ ಬೆಂಕಿ ನೆನಪಿರಲಿಲ್ಲ, ನನ್ನ ಕೈ ನೆನಪಿರಲಿಲ್ಲ.

"ಕೊಳವೆ ಮಾಡ್ತಿದ್ರಲ್ಲ, ತಗಡಿನ ಸಾಬ್ರು..."

"ಓ, ಜಾಯಿಂಟ್ ಬಿಟ್ಟ ಸಾಬ್ರಾ?" ಅಂದ ತಟ್ಟನೆ. "ಅಂಗನ್ನು ಮತ್ತೆ. ಎಲ್ಲೋದ್ರು ಅವ್ರು?"

ಮಿಕ್ಕದ್ದೆಲ್ಲ ಅಳಿಸಿಹೋಗಿತ್ತು. ನನ್ನ ಮಾತು ಮಾತ್ರ ಒಬ್ಬ ಮನುಷ್ಯನ ಹೆಸರಾಗಿ ಉಳಿದಿತ್ತು.

ನಾನು ಹೇಳಿದೆ. ಬಲೆ ಬಿಚ್ಚಿದ್ದು, ಕೋಳಿಗೂಡು, ಎಲ್ಲ. ಬೆಂಚಿನ ಆ ಕೊನೆಯವರಿಗೂ ಕೇಳುವ ಹಾಗೆ ಹೇಳಿದೆ. ಅವನು ಗ್ಲಾಸು ಕೆಳಗಿಟ್ಟು ನಕ್ಕ. "ಈಗ್ಯಾಕ್ಲಾ ಇದೆಲ್ಲ? ಅವ್ರೂ ಇಲ್ಲ, ನಿಮ್ಮಣ್ಣನೂ ಇಲ್ಲ. ಟೀ ಕುಡಿ."

"ಜಾಯಿಂಟ್ ಬಿಟ್ಟಿರ್ಲಿಲ್ಲ ಕಣೋ" ಅಂದೆ.

"ಆಯ್ತು ಬುಡು, ಬಿಟ್ಟಿರ್ಲಿಲ್ಲ."

ಕಟ್ಟೆಗೆ ಹೋದಾಗಲೆಲ್ಲ ಹೀಗೆ ಒಬ್ಬರನ್ನು ಹಿಡಿದು ಹೇಳುತ್ತೇನೆ. ನನಗೆ ಅರಳುಮರಳೆಂದು ಕೆಲವರು ಅಂದುಕೊಂಡಿದ್ದಾರೆ. ಕಟ್ಟೆಗೆ ಬಾರದವರೂ ಇರುತ್ತಾರೆಂದು ಇದನ್ನು ಬರೆದಿದ್ದೇನೆ. ಓದುವವರು ನಮ್ಮ ಕಡೆಯವರಾಗಿದ್ದು, ಯಾರಾದರೂ ಆ ಹೆಸರು ಹೇಳಿದರೆ, ಹಾಗಲ್ಲ ಎಂದು ದಯವಿಟ್ಟು ಹೇಳಿ.

ಉಪಕಾರ ನೆನೆಯುವುದು ಸುಲಭವೆಂದು ಯೋಗದ ಹುಡುಗಿ ಹೇಳುತ್ತಾಳೆ. ಹೌದು, ಆಗಿಂದಾಗಲೇ ಮಾಡಿದರೆ ಸುಲಭ. ಈಗ ಬಸ್ಸಿಳಿಯುವಾಗ ಕಂಡಕ್ಟರಿಗೆ ಒಂದು ಮಾತು ಹೇಳುತ್ತೇನೆ. ಹೆಂಡತಿ ತಟ್ಟೆ ಇಟ್ಟಾಗ ಅವಳ ಬೆರಳು ನೋಡಿ ಆಮೇಲೆ ಉಣ್ಣುತ್ತೇನೆ. ಪಕ್ಕದ ಮನೆಯ ಬಟ್ಟಲು ಬಂದರೆ ಅದೇ ದಿನ ಏನಾದರೂ ಹಾಕಿ ನಾನೇ ಕೊಟ್ಟು ಬರುತ್ತೇನೆ. ನಮ್ಮ ಮನೆಯಲ್ಲಿ ಈಗ ಬೇರೆಯವರ ಪಾತ್ರೆ ಒಂದೂ ಇಲ್ಲ.

ಬೆಳಿಗ್ಗೆ ಕಣ್ಣು ಮುಚ್ಚಿದಾಗ ಸಾಬರು ಈಗಲೂ ಬರುತ್ತಾರೆ. ಅದೇ ಅಂಗಳ, ಅದೇ ಅಂಗಿ. ನಾನು ಕಣ್ಣು ತೆರೆಯುವುದಿಲ್ಲ. ನಿನ್ನೆ ಯಾರಿಗೆ ಹೇಳಿದೆ, ಅವರು ಏನಂದರು ಎಂದು ಒಪ್ಪಿಸುತ್ತೇನೆ. ಅವರು ಕೇಳಿಸಿಕೊಳ್ಳುತ್ತಾರೋ ಇಲ್ಲವೋ ತಿಳಿಯದು. ಕೋಳಿಗೂಡಿನ ಕಡೆಗೇ ನೋಡುತ್ತಿರುತ್ತಾರೆ.